ಎರಡನೆಯ ಕೃಷ್ಣ

ಹೊಸ ಸೊಸೆ ಮಾಡಿದ ಸಾರನ್ನು ಬಾಯಿಗಿಡುವ ಮೊದಲೇ "ಆ ಕೈರುಚಿ ಇದಕ್ಕೆಲ್ಲಿ ಬಂತು?" ಎಂದು ಮುಖ ಸಿಂಡರಿಸುವ ಮಾವಂದಿರನ್ನು ನೀವು ಕಂಡಿರಬಹುದು. ಹಳೆಯ ಧಾರಾವಾಹಿಯೊಂದನ್ನು ಯಾರೋ ಹೊಸದಾಗಿ ತೆಗೆಯುತ್ತಿದ್ದಾರೆಂಬ ಸುದ್ದಿ ಕಿವಿಗೆ ಬಿದ್ದಾಗ ನನ್ನ ವಯಸ್ಸಿನವರೆಲ್ಲ ಹೆಚ್ಚುಕಡಮೆ ಆ ಮಾವಂದಿರೇ ಆಗಿಬಿಡುತ್ತೇವೆ. ನೋಡುವುದು ಆಮೇಲೆ, ತೀರ್ಪು ಮೊದಲು. "ಹಳೆಯದರ ಹಾಗಿಲ್ಲ" ಎಂಬ ಎರಡು ಪದ ನಾಲಗೆಯ ತುದಿಯಲ್ಲಿ ಸಿದ್ಧವಾಗಿಯೇ ಇರುತ್ತವೆ.

ಕಳೆದ ಬೇಸಗೆಯ ರಜದಲ್ಲಿ ಮಗಳ ಒತ್ತಾಯಕ್ಕೆ ಕಟ್ಟುಬಿದ್ದು, ೨೦೧೩ರ ಹಿಂದಿ ಮಹಾಭಾರತವನ್ನು ಮೊದಲಿನಿಂದ ಕೊನೆಯವರೆಗೆ ಕುಳಿತು ನೋಡಿದೆ. ಅದು ಮೊದಲು ಬಂದಾಗ ಅಲ್ಲೊಂದು ಇಲ್ಲೊಂದು ಕಂತು ನೋಡಿದ್ದೆ. ೨೦೨೦ರಲ್ಲಿ ಕನ್ನಡದ ಮಾತು ಹಚ್ಚಿಕೊಂಡು ಮರಳಿ ಬಂದಾಗ ಇನ್ನಷ್ಟು ನೋಡಿದ್ದುಂಟು. ಪೂರ್ತಿಯಾಗಿ ನೋಡಿದ್ದು ಇದೇ ಮೊದಲು. ಒಟ್ಟು ೨೬೭ ಕಂತು. ಉತ್ತರಪತ್ರಿಕೆಗಳ ಕಟ್ಟು ಬಿಚ್ಚಲಾರದ ಸೋಮಾರಿತನವೂ ಈ ಸಾಹಸಕ್ಕೆ ನೆರವಾಯಿತೆನ್ನಬೇಕು.

ನನ್ನ ಪಾಲಿನ 'ಹಳೆಯದು' ಬಿ.ಆರ್. ಚೋಪ್ರಾ ಅವರದು. ೧೯೮೮ರ ಅಕ್ಟೋಬರ್ ೨ರಂದು ಆರಂಭವಾಗಿ ೧೯೯೦ರ ಜೂನ್ ೨೪ಕ್ಕೆ ಮುಗಿದ ೯೪ ಕಂತುಗಳ ಮಹಾಭಾರತ. ಅದಕ್ಕೆ ಸ್ವಲ್ಪ ಮುಂಚೆ ರಾಮಾನಂದ ಸಾಗರರ ರಾಮಾಯಣ ಬಂದು ಹೋಗಿತ್ತು. ಭಾನುವಾರ ಬೆಳಗ್ಗೆ ಬೀದಿಗಳು ಬರಿದಾಗುತ್ತಿದ್ದವೆಂಬುದನ್ನು ಎಲ್ಲರೂ ಬರೆದಿದ್ದಾರೆ, ಮತ್ತೆ ಬರೆಯಬೇಕಾದ್ದಿಲ್ಲ. ಕೋಲಾರದ ನಮ್ಮ ಬೀದಿಯಲ್ಲಿ ಎದುರು ಮನೆಯವರಲ್ಲಿ ಮಾತ್ರ ಟೆಲಿವಿಷನ್ ಇತ್ತು. ಅದೂ ಕಪ್ಪು ಬಿಳುಪು. ಭಾನುವಾರ ಬೆಳಗ್ಗೆ ಅವರ ನಡುಮನೆಯಲ್ಲಿ ಇಪ್ಪತ್ತು ಮೂವತ್ತು ಜನ. ಮುಂದೆ ಮಕ್ಕಳು, ಹಿಂದೆ ಹೆಂಗಸರು, ಬಾಗಿಲಲ್ಲಿ ಗಂಡಸರು. ಇರುವ ಒಂದೇ ಕುರ್ಚಿಯ ಮೇಲೆ ನಮ್ಮ ತಾತ.

ತಾತನಿಗೆ ಕುರ್ಚಿ ಸಿಕ್ಕಿದ್ದು ವಯಸ್ಸಿನ ಕಾರಣದಿಂದಷ್ಟೇ ಅಲ್ಲ. ಅಲ್ಲಿ ಕೂತವರಲ್ಲಿ ಮನೆಯೊಡತಿ ಒಬ್ಬರಿಗೆ ಮಾತ್ರ ಹಿಂದಿ ಬರುತ್ತಿತ್ತು. ಹಿಂದಿ ಪ್ರಚಾರದ ಪರೀಕ್ಷೆಗಳನ್ನು ಕಟ್ಟಿದ್ದರಂತೆ. ಆದರೆ ಧೃತರಾಷ್ಟ್ರನ ಸಭೆಯ ಹಿಂದಿ ಅವರ ಹಿಂದಿಗಿಂತ ಮೂರು ಮೆಟ್ಟಿಲು ಮೇಲಿನದು. ಹೀಗಾಗಿ ಎರಡನೆಯ ವಾರದಿಂದಲೇ ಅರ್ಥ ಹೇಳುವ ಅಧಿಕಾರ ತಾತನ ಪಾಲಾಯಿತು. ತಾತನಿಗೆ ಹಿಂದಿಯ ಒಂದಕ್ಷರವೂ ತಿಳಿಯದು. ಅವರಿಗೆ ಗೊತ್ತಿದ್ದುದು ಕುಮಾರವ್ಯಾಸ. ಚಿತ್ರದಲ್ಲಿ ಯಾರು ಬಾಯಿ ತೆರೆದರೂ ಅವರು ಏನು ಹೇಳುತ್ತಿದ್ದಾರೆಂದು ತಾತನಿಗೆ ಮುಂಚಿತವಾಗಿಯೇ ತಿಳಿದಿತ್ತು. ಕರ್ಣ ಒಂದು ಮಾತಾಡಿದರೆ ತಾತ ನಾಲ್ಕು ಮಾತು ಹೇಳುತ್ತಿದ್ದರು. ಕೆಲವೊಮ್ಮೆ ಕರ್ಣ ಮುಗಿಸಿ, ದೃಶ್ಯ ಬದಲಾಗಿ, ಕುಂತಿ ಬಂದು ಅತ್ತು ಹೋದರೂ ತಾತನ ಕರ್ಣ ಇನ್ನೂ ಮಾತಾಡುತ್ತಲೇ ಇದ್ದ.

ಚೋಪ್ರಾ ಅವರ ಮೇಲೆ ತಾತನಿಗೆ ಅಲ್ಲಲ್ಲಿ ಅಸಮಾಧಾನವೂ ಇತ್ತು. ಕೃಷ್ಣ ಸಂಧಿಗೆ ಬಂದು ವಿದುರನ ಮನೆಯಲ್ಲಿ ಊಟ ಮಾಡುವ ಪ್ರಸಂಗ ಬಂದ ವಾರ ತಾತ ಕುರ್ಚಿಯ ತುದಿಗೆ ಸರಿದು ಕುಳಿತರು. ವಿದುರ ಕೊಟ್ಟ ಒಂದು ಕುಡಿತೆ ಹಾಲು ಹಸ್ತಿನಾವತಿಯ ಬೀದಿಯಲ್ಲಿ ಹೊಳೆಯಾಗಿ ಹರಿದ ಕಥೆ ನಮ್ಮ ಹರಿದಾಸರ ಹಾಡುಗಳಿಗೂ ಹರಿಕಥೆಗಳಿಗೂ ಪ್ರಿಯವಾದದ್ದು. ಅದನ್ನು ಕಣ್ಣಾರೆ ನೋಡುವ ಆಸೆ ಅವರಿಗೆ. ಊಟ ಬಂತು, ಹೋಯಿತು. ಹಾಲು ಹರಿಯಲಿಲ್ಲ. ಜಾಹೀರಾತು ಬಂತು. "ಇಷ್ಟು ದುಡ್ಡು ಸುರಿದವರಿಗೆ ಹಾಲಿಗೇನು ಬಂದಿತ್ತೋ ದಾರಿದ್ರ್ಯ!" ಎಂದು ಹೇಳಿ, ಹರಿಯದ ಆ ಹಾಲನ್ನು ತಾವೇ ಹರಿಸಿದರು. ಹಿಂದೆ ಕೂತಿದ್ದ ಹೆಂಗಸರು ಕೈಮುಗಿದರು. ಕೈಮುಗಿದದ್ದು ಪೆಟ್ಟಿಗೆಯ ಕೃಷ್ಣನಿಗೋ, ತಾತನ ಕೃಷ್ಣನಿಗೋ, ಬಿಡಿಸಿ ಹೇಳುವುದು ಕಷ್ಟ.

ಕಾಲೇಜಿನಲ್ಲಿ ಪಂಪನನ್ನು ಪಾಠ ಹೇಳುವವನಿಗೆ ಮರುನಿರ್ಮಾಣವೆಂದರೆ ಮೂಗು ಮುರಿಯುವ ಹಕ್ಕಿಲ್ಲ. ನಮ್ಮ ಸಾಹಿತ್ಯದ ಅರ್ಧ ಭಾಗ ಮತ್ತೆ ಹೇಳಿದ ಕಥೆಯೇ. ರಾಮಾಯಣದ ಕವಿಗಳ ಭಾರಕ್ಕೆ ಆದಿಶೇಷನೇ ತಿಣುಕಿದನೆಂದು ಪರಿಹಾಸ ಮಾಡಿದ ಕುಮಾರವ್ಯಾಸ ಆಮೇಲೆ ಕೈಹಾಕಿದ್ದಾದರೂ ಯಾವುದಕ್ಕೆ? ಆಗಲೇ ಪಂಪ ಹೇಳಿ, ರನ್ನ ಅದರದೊಂದು ತುಂಡನ್ನು ಗದಾಯುದ್ಧವಾಗಿ ಬೆಳೆಸಿ, ಹಳೆಯದಾಗಿದ್ದ ಭಾರತಕ್ಕೇ. ಹೇಳಿದ್ದನ್ನೇ ಹೇಳುವುದರಲ್ಲಿ ನಮ್ಮವರಿಗೆ ನಾಚಿಕೆಯಿರಲಿಲ್ಲ. ಬದಲಾಯಿಸುವುದರಲ್ಲಿ ಹೆದರಿಕೆಯೂ ಇರಲಿಲ್ಲ. ಪಂಪನನ್ನೇ ನೋಡಿ. ೯೪೧ರ ವಿಕ್ರಮಾರ್ಜುನ ವಿಜಯದಲ್ಲಿ ದ್ರೌಪದಿ ಅರ್ಜುನನೊಬ್ಬನ ಹೆಂಡತಿ. ಅರ್ಜುನನೆಂದರೆ ತನ್ನ ಆಶ್ರಯದಾತ ಅರಿಕೇಸರಿ ಎಂದು ಸಮೀಕರಿಸಿದ ಮೇಲೆ, ರಾಜನ ಹೆಂಡತಿಯನ್ನು ಐವರಿಗೆ ಹಂಚಲಾದೀತೆ? ಇಂದಿನ ವಾಹಿನಿಯವರು ಸೋಪು ಮಾರುವವನ ಮುಖ ನೋಡಿ ಕಥೆ ತಿದ್ದುತ್ತಾರೆಂದು ಬೈಯುವವರು ಈ ಅಧ್ಯಾಯವನ್ನು ಒಮ್ಮೆ ನೆನೆಯಬೇಕು. ವ್ಯತ್ಯಾಸವಿಲ್ಲವೆಂದಲ್ಲ. ಅರಿಕೇಸರಿಗಾಗಿ ಅರ್ಜುನನನ್ನು ಮೇಲಕ್ಕೆತ್ತಿದ ಪಂಪನೇ ಅದೇ ಕಾವ್ಯದಲ್ಲಿ ಕರ್ಣನ ಎದುರು ಮನಸೋತು ನಿಂತ. ಧಣಿಯ ಅನ್ನ ಉಂಡೂ ಧಣಿಯ ಶತ್ರುವಿಗಾಗಿ ಕಣ್ಣೀರು ಹಾಕುವಷ್ಟು ಜಾಗವನ್ನು ಕಾವ್ಯದೊಳಗೆ ಉಳಿಸಿಕೊಂಡಿದ್ದ. ಸೋಪಿನವನ ಕಥೆಯಲ್ಲಿ ಆ ಜಾಗ ಎಲ್ಲಿದೆಯೆಂದು ನಾನೂ ಹುಡುಕುತ್ತಿದ್ದೇನೆ.

ಪರೀಕ್ಷೆಯಲ್ಲಿ ಪಂಪನ ದ್ರೌಪದಿಯ ಬಗ್ಗೆ ಪ್ರಶ್ನೆ ಕೊಟ್ಟರೆ ಹತ್ತರಲ್ಲಿ ಆರು ಮಂದಿ ಅವಳನ್ನು ಐವರ ಪತ್ನಿಯೆಂದೇ ಬರೆಯುತ್ತಾರೆ. ಮಯಸಭೆಯಲ್ಲಿ ಜಾರಿದ ದುರ್ಯೋಧನನನ್ನು ನೋಡಿ "ಕುರುಡನ ಮಗ ಕುರುಡ" ಎಂದು ಅವಳು ನಕ್ಕಳೆಂದು ಸೇರಿಸುವವರೂ ಉಂಟು. ವ್ಯಾಸರ ಸಭಾಪರ್ವದಲ್ಲಿ ನಗು ಉಂಟು. ಆ ಮಾತು ದ್ರೌಪದಿಯ ಬಾಯಲ್ಲಿಲ್ಲ. ಚೋಪ್ರಾ ಅವರ ದ್ರೌಪದಿಯ ಬಾಯಲ್ಲಿ ಅದನ್ನು ನಾನೇ ಕೇಳಿದ್ದೇನೆ. 'ಮಾತಾಶ್ರೀ', 'ಪಿತಾಶ್ರೀ', 'ಭ್ರಾತಾಶ್ರೀ' ಎಂಬ ಸಂಬೋಧನೆಗಳ ಕಥೆಯೂ ಅಷ್ಟೆ. ಯಾವ ಪರ್ವದಲ್ಲಿ ಹುಡುಕಿದರೂ ಇವು ಸಿಕ್ಕಲಾರವು. ಆದರೂ ಚೋಪ್ರಾ ಅವರಿಂದ ಮನೆಮಾತಾಗಿ, ಮುಂದೆ ಪುರಾಣದ ಧಾರಾವಾಹಿಗಳಲ್ಲೆಲ್ಲ ರಾಜಕುಮಾರರ ಅಧಿಕೃತ ಭಾಷೆಯಾಗಿ ನಿಂತವು. ೨೦೧೩ರ ಮಹಾಭಾರತವೂ ಇದಕ್ಕೆ ಹೊರತಲ್ಲ. ನನಗೆ ಹೊಳೆದದ್ದಿಷ್ಟು: ಪಂಪ ವ್ಯಾಸರನ್ನು ಮತ್ತೆ ಹೇಳಿದ. ನಮ್ಮ ವಾಹಿನಿಗಳು ವ್ಯಾಸರನ್ನು ಮತ್ತೆ ಹೇಳುವುದಿಲ್ಲ. ಹಿಂದಿನ ಧಾರಾವಾಹಿಯನ್ನು ಮತ್ತೆ ಹೇಳುತ್ತವೆ. ಎದುರಿಗಿಟ್ಟುಕೊಂಡ ಓಲೆಗರಿಯೇ ಬೇರೆಯಾಗಿಬಿಟ್ಟಿದೆ.

ಈ ದೋಷ ಹೊಸಬರದು ಮಾತ್ರವೆಂದರೆ ಅನ್ಯಾಯವಾದೀತು. ಸಾಗರರ ರಾಮಾಯಣದ ಮೊದಲಲ್ಲಿ ಆಧಾರಗ್ರಂಥಗಳ ಪಟ್ಟಿಯೊಂದು ಬರುತ್ತದೆ. ವಾಲ್ಮೀಕಿ, ತುಲಸೀದಾಸ, ಕಂಬ, ಕೃತ್ತಿವಾಸ ಹೀಗೆ ಸಾಗುವ ಆ ಪಟ್ಟಿಯಲ್ಲಿ ಕನ್ನಡದ ಪಾಲಿಗೆ ಬಂದ ಹೆಸರು ರಾಮಚಂದ್ರಚರಿತ ಪುರಾಣ. ಹುಡುಗನಾಗಿದ್ದಾಗ ಇದು ಕಣ್ಣಿಗೆ ಬಿದ್ದಿರಲಿಲ್ಲ. ೨೦೨೦ರ ಮಾರ್ಚ್ ೨೮ರಿಂದ, ದೇಶವೆಲ್ಲ ಬಾಗಿಲು ಹಾಕಿಕೊಂಡು ಕುಳಿತಿದ್ದಾಗ, ದೂರದರ್ಶನ ರಾಮಾಯಣವನ್ನು ಮತ್ತೆ ತೋರಿಸಿತಲ್ಲ, ಆಗ ಬಿತ್ತು. ಕುರ್ಚಿಯಿಂದ ಎದ್ದು ಕುಳಿತೆ. ಏಕೆಂದರೆ ಅಭಿನವ ಪಂಪನೆನಿಸಿದ ನಾಗಚಂದ್ರನ ಆ ಕಾವ್ಯ ಜೈನ ರಾಮಾಯಣ. ಅದರಲ್ಲಿ ರಾವಣನನ್ನು ಕೊಲ್ಲುವವನು ರಾಮನಲ್ಲ, ಲಕ್ಷ್ಮಣ. ಅಲ್ಲಿನ ರಾವಣನಿಗೆ ಹತ್ತು ತಲೆಯ ರಾಕ್ಷಸತನವಿಲ್ಲ. ಒಲ್ಲದ ಪರವಧುವನ್ನು ಮುಟ್ಟೆನೆಂದು ವ್ರತ ತೊಟ್ಟ ದೊಡ್ಡ ಮನುಷ್ಯ. ಒಂದೇ ಒಂದು ಕಡೆ ಮನಸ್ಸು ಜಾರುತ್ತದೆ. ಕೊನೆಗೆ ಸೀತೆಯ ಸಂಕಟವನ್ನು ಕಣ್ಣೆದುರು ಕಂಡು ಅವನ ಮೋಹ ಕಳಚಿಬೀಳುತ್ತದೆ. ಸೀತೆಯನ್ನು ಒಪ್ಪಿಸಿಬಿಡಬೇಕೆಂದು ನಿಶ್ಚಯಿಸುತ್ತಾನೆ. ಆದರೆ ಈಗಲೇ ಒಪ್ಪಿಸಿದರೆ ಹೆದರಿ ಒಪ್ಪಿಸಿದನೆಂದು ಲೋಕ ನಕ್ಕೀತು. ಯುದ್ಧದಲ್ಲಿ ಗೆದ್ದು, ಆಮೇಲೆ ಒಪ್ಪಿಸುತ್ತೇನೆ ಎಂದುಕೊಳ್ಳುತ್ತಾನೆ. ಆ 'ಆಮೇಲೆ' ಬರುವುದೇ ಇಲ್ಲ. ಬಿ.ಎಂ.ಶ್ರೀಯವರು ಈ ರಾವಣನಲ್ಲಿ ದುರಂತನಾಯಕನನ್ನು ಕಂಡದ್ದು ಸುಮ್ಮನೆ ಅಲ್ಲ.

ಸಾಗರರ ಧಾರಾವಾಹಿಯಲ್ಲಿ ರಾವಣನನ್ನು ಕೊಲ್ಲುವವನು, ಎಲ್ಲರಿಗೂ ತಿಳಿದಂತೆ, ರಾಮನೇ. ಅರವಿಂದ ತ್ರಿವೇದಿಯವರ ರಾವಣನಿಗೆ ಒಂದು ಗತ್ತಿತ್ತು, ವಿದ್ವತ್ತಿನ ಸೊಕ್ಕಿತ್ತು; ಅದನ್ನು ಮೆಚ್ಚದವರಿಲ್ಲ. ಆದರೆ ನಾಗಚಂದ್ರನ ರಾವಣ ಅಲ್ಲಿಲ್ಲ. ಹೆಸರು ಮಾತ್ರ ಪಟ್ಟಿಯಲ್ಲಿದೆ. ಮದುವೆಯ ಕರೆಯೋಲೆಯ ಕೆಳಗೆ ಸುಖಾಗಮನ ಬಯಸುವ ಬಂಧುಗಳ ಸಾಲಿನಲ್ಲಿ ದೂರದ ದೊಡ್ಡಪ್ಪನ ಹೆಸರು ಅಚ್ಚಾಗಿರುವ ಹಾಗೆ. ಬಂದು ಊಟ ಮಾಡಿದರೂ ಸರಿ, ಮಾಡದಿದ್ದರೂ ಸರಿ.

೨೦೦೮ರಲ್ಲಿ ಸಾಗರರ ಮನೆಯವರೇ ರಾಮಾಯಣವನ್ನು ಮತ್ತೊಮ್ಮೆ ತೆಗೆದರು. ಅದೇ ವರ್ಷ ಏಕ್ತಾ ಕಪೂರ್ ಅವರ ಸಂಸ್ಥೆ ಮಹಾಭಾರತಕ್ಕೆ ಕೈಹಾಕಿತು. ದ್ರೌಪದಿಯ ಭುಜದ ಮೇಲೆ ಹಚ್ಚೆ ಕಂಡು ಹಿರಿಯರು ಹುಬ್ಬೇರಿಸುವಷ್ಟರಲ್ಲಿ, ಯುದ್ಧವೇ ನಡೆಯದೆ ಆ ವರ್ಷದೊಳಗೇ ಅದು ನಿಂತುಹೋಯಿತು. ಇವುಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ.

೨೦೧೩ರದು ಬೇರೆ ಜಾತಿಯದು. ಹಣ ಧಾರಾಳ, ಸಭಾಭವನಗಳು ಭವ್ಯ, ಆನೆ ಕುದುರೆಗಳಿಗೆ ಕೊರತೆಯಿಲ್ಲ. ಚೋಪ್ರಾ ಅವರ ಅರಮನೆಯ ಕಂಬಗಳು ಯಾರಾದರೂ ಒರಗಿದರೆ ಬಿದ್ದಾವೆಂಬ ಭಯ ಹುಟ್ಟಿಸುತ್ತಿದ್ದವು. ಎರಡು ಬಾಣಗಳು ಆಕಾಶದಲ್ಲಿ ಮುಖಾಮುಖಿಯಾಗಿ ಡಿಕ್ಕಿ ಹೊಡೆಯುವಾಗ ದೀಪಾವಳಿಯ ನೆನಪಾಗುತ್ತಿತ್ತು. ಇಲ್ಲಿ ಅಂಥ ಬಡತನವಿಲ್ಲ. ಇಲ್ಲಿ ಇಲ್ಲದ್ದು ಭಾನುವಾರ. ವಾರಕ್ಕೊಮ್ಮೆ ಬರುತ್ತಿದ್ದ ಕಥೆ ಉಳಿದ ಆರು ದಿನ ನಮ್ಮ ಜಗಲಿಯ ಮೇಲೆ, ಶಾಲೆಯ ದಾರಿಯಲ್ಲಿ, ಪೊರಕೆಕಡ್ಡಿಯ ಬಾಣಗಳಲ್ಲಿ ನಡೆಯುತ್ತಿತ್ತು. ದಿನವೂ ಬರುವ ಕಥೆಗೆ ಅಂಥ ಬಿಡುವಿಲ್ಲ. ಬಿಡುವಿಲ್ಲದ್ದಕ್ಕೋ ಏನೋ, ಎಲ್ಲವನ್ನೂ ಅದೇ ಹೇಳಿಬಿಡಬೇಕಾಗಿದೆ. ಭೀಷ್ಮ ಒಂದು ಮಾತಾಡಿದರೆ ಗುಡುಗು, ಸಭೆಯಲ್ಲಿದ್ದ ಹತ್ತು ಮಂದಿಯ ಹತ್ತು ಮುಖ, ಮತ್ತೆ ಗುಡುಗು. ಬೆಚ್ಚಿಬೀಳಬೇಕಾದ ಜಾಗ ಯಾವುದೆಂದು ನೋಡುವವನಿಗೆ ಮರೆತುಹೋದೀತೆಂಬ ಅಪನಂಬಿಕೆ.

ಕಥೆ ಹೇಳುವವನಾರು ಎಂಬ ಪ್ರಶ್ನೆಯಲ್ಲಿ ಎರಡರ ಸ್ವಭಾವವೂ ಬಯಲಾಗುತ್ತದೆ. ಕುಮಾರವ್ಯಾಸ ತಾನು ಬರಿಯ ಲಿಪಿಕಾರ, ಕವಿ ವೀರನಾರಾಯಣನೇ ಎಂದು ಪಕ್ಕಕ್ಕೆ ಸರಿದು ನಿಂತ. ಚೋಪ್ರಾ ಅವರಿಗೆ ಮಾತು ಬರೆದ ರಾಹಿ ಮಾಸೂಮ್ ರಜಾ ಕಾಲವನ್ನೇ ಕಥೆಗಾರನನ್ನಾಗಿ ಮಾಡಿದರು. ಕತ್ತಲಲ್ಲಿ ತಿರುಗುವ ಒಂದು ಚಕ್ರ, ಹರೀಶ್ ಭಿಮಾನಿಯವರ ಗಂಭೀರ ಕಂಠ. ಕಾಲನಿಗೆ ಯಾರ ಪಕ್ಷವೂ ಇಲ್ಲ. ಅವನಿಗೆ ದುಃಖ ಮಾತ್ರ ಇದೆ. ಹೊಸದರಲ್ಲಿ ಕೃಷ್ಣನೇ ನಡುನಡುವೆ ಕಥೆಯಿಂದ ಹೊರಗೆ ಬಂದು, ನೋಡುವವರ ಕಡೆ ತಿರುಗಿ, ನಸುನಕ್ಕು, ನೀತಿ ಹೇಳಿ, ನೀವೇ ವಿಚಾರ ಮಾಡಿ ನೋಡಿ ಎನ್ನುತ್ತಾನೆ. ವಿಚಾರ ಮಾಡಿ ಎನ್ನುವಷ್ಟರಲ್ಲಿ ಉತ್ತರವನ್ನೂ ಹೇಳಿ ಆಗಿರುತ್ತದೆ. ಇದು ಮೇಷ್ಟರ ಚಾಳಿ. ನನಗೆ ಚೆನ್ನಾಗಿ ಗೊತ್ತು. ಸೌರಭ್ ರಾಜ್ ಜೈನ್ ಸುಂದರ ಪುರುಷ, ಮಾತಿನಲ್ಲಿ ಹದವೂ ಉಂಟು. ಆದರೂ ನಿತೀಶ್ ಭಾರದ್ವಾಜರ ಕೃಷ್ಣ ನಕ್ಕಾಗ ಅವನ ಮನಸ್ಸಿನಲ್ಲೇನಿದೆಯೋ ಎಂಬ ಅಳುಕು ಹುಟ್ಟುತ್ತಿತ್ತು. ಈ ಕೃಷ್ಣ ನಕ್ಕಾಗ ಹಾಗಾಗುವುದಿಲ್ಲ. ಇನ್ನು ಎರಡು ನಿಮಿಷದಲ್ಲಿ ಅವನೇ ಬಂದು ಹೇಳಲಿದ್ದಾನಲ್ಲ.

ನನ್ನ ಮಗಳಿಗೆ ಈ ಯಾವ ತಕರಾರೂ ಇಲ್ಲ. ಅವಳಿಗೆ ಕೃಷ್ಣನೆಂದರೆ ಇವನೇ. ಹಳೆಯದನ್ನು ತೋರಿಸಿದಾಗ, "ಇವರು ಕೃಷ್ಣನ ಹಾಗೆ ಇಲ್ಲವಲ್ಲಪ್ಪ" ಎಂದಳು. ನನಗೆ ನಗು ಬಂತು. ಸ್ವಲ್ಪ ನೋವೂ ಆಯಿತು. ಆಗ ಅಡಿಗೆಮನೆಯಿಂದ ನನ್ನ ತಾಯಿ, "ಇಬ್ಬರೂ ಅಲ್ಲ ಬಿಡೇ. ಕೃಷ್ಣ ಅಂದ್ರೆ ರಾಮರಾಯರು" ಎಂದರು. ಕೋಲಾರದ ಕಡೆಯವರಿಗೆ ವಿವರಿಸಬೇಕಾದ್ದಿಲ್ಲ: ೧೯೫೭ರ ತೆಲುಗು ಮಾಯಾಬಜಾರಿನ ಎನ್.ಟಿ. ರಾಮರಾಯರು. ತಾತ ಇದ್ದಿದ್ದರೆ ಮೂವರನ್ನೂ ತಳ್ಳಿಹಾಕಿ ಗದುಗಿನ ಕಡೆಗೆ ಬೆರಳು ತೋರಿಸುತ್ತಿದ್ದರು. ಯಾವನು ಮೊದಲನೆಯ ಕೃಷ್ಣ? ಪ್ರತಿಯೊಬ್ಬರಿಗೂ ಅವರವರ ಎಂಟನೆಯ ವಯಸ್ಸಿನಲ್ಲಿ ಕಂಡವನು ಮೊದಲನೆಯವನು; ಉಳಿದವರೆಲ್ಲ ಎರಡನೆಯವರು.

ದ್ರೌಪದಿಯ ವಿಷಯದಲ್ಲಿ ಮಗಳಿಗೆ ನಾನು ಸೋತೆ. ಸಭೆಯಲ್ಲಿ ರೂಪಾ ಗಂಗೂಲಿಯವರ ದ್ರೌಪದಿ ಗೋಳಾಡಿದ್ದನ್ನು ಕಂಡು ಎದುರು ಮನೆಯ ನಡುಮನೆಯೆಲ್ಲ ಅತ್ತಿತ್ತು. ಪೂಜಾ ಶರ್ಮಾ ಅವರ ದ್ರೌಪದಿಯ ಸಿಟ್ಟು ಅಳುವಿಗೆ ಅವಕಾಶ ಕೊಡುವುದಿಲ್ಲ. ಕೂತವರು ತಲೆ ತಗ್ಗಿಸಬೇಕಾಗುತ್ತದೆ. ಮಗಳು ಕೇಳಿದಳು: "ಅಪ್ಪ, ಪಂಪನ ದ್ರೌಪದಿ ಹೀಗೆ ಜಗಳ ಆಡ್ತಾಳಾ?" ಆಡುತ್ತಾಳೆಂದೆ, ಪಂಪನಲ್ಲಿ ಅವಳು ಅರ್ಜುನನೊಬ್ಬನ ಹೆಂಡತಿ ಎಂದೂ ಸೇರಿಸಿದೆ. ಅವಳು ಒಂದು ಕ್ಷಣ ಯೋಚಿಸಿ, "ಹಾಗಾದ್ರೆ ಧರ್ಮರಾಯ ಅವಳನ್ನ ಪಣಕ್ಕೆ ಇಟ್ಟದ್ದು ಇನ್ನೂ ದೊಡ್ಡ ತಪ್ಪಲ್ವಾ? ತಮ್ಮನ ಹೆಂಡತಿ!" ಎಂದಳು. ಎಂ.ಎ. ತರಗತಿಯಲ್ಲಿ ಇದನ್ನು ಕೇಳಿದವರಿಲ್ಲ.

೨೦೨೦ರ ಮೇ ತಿಂಗಳಿನ ಮಾತನ್ನು ಹೇಳದೆ ಮುಂದೆ ಹೋಗಲಾರೆ. ಕನ್ನಡದಲ್ಲಿ ಡಬ್ಬಿಂಗ್ ಕೂಡದೆಂಬ ಕಟ್ಟು ದಶಕಗಳ ಕಾಲ ನಡೆದು, ೨೦೧೫ರಲ್ಲಿ ಸ್ಪರ್ಧಾ ಆಯೋಗದ ತೀರ್ಪು ಬಂದ ಮೇಲೆ ಸಡಿಲವಾಗಿತ್ತು. ಚಿತ್ರೀಕರಣಗಳೆಲ್ಲ ನಿಂತು ಹೊಸ ಕಂತುಗಳಿಗೆ ಗತಿಯಿಲ್ಲದ ಆ ದಿನಗಳಲ್ಲಿ ೨೦೧೩ರ ಮಹಾಭಾರತ ಕನ್ನಡದ ವಾಹಿನಿಯಲ್ಲಿ ಬಂತು. ತುಟಿಯೊಂದು ದಾರಿ, ಮಾತೊಂದು ದಾರಿ, ಆದರೂ ಕನ್ನಡ. ಅಮ್ಮ ದಿನವೂ ತಪ್ಪದೆ ಕುಳಿತರು. ಅರ್ಥ ಹೇಳುವವರ ಅಗತ್ಯ ಯಾರಿಗೂ ಬೀಳಲಿಲ್ಲ. ಮೊದಲ ಬಾರಿಗೆ ನಮ್ಮ ಮನೆಯಲ್ಲಿ ಎಲ್ಲರೂ ಸುಮ್ಮನೆ ಕುಳಿತು ಮಹಾಭಾರತ ನೋಡಿದೆವು. ಆ ನಿಶ್ಶಬ್ದ ನನಗೇಕೋ ಹಿಡಿಸಲಿಲ್ಲ.

ಕೃಷ್ಣ ಸಂಧಿಗೆ ಹೊರಟ. ಅಮ್ಮ ಮಗಳ ತೊಡೆ ತಟ್ಟಿ, "ಈಗ ನೋಡು, ವಿದುರನ ಮನೆ ಹಾಲು ಬೀದೀಲಿ ಹರಿಯತ್ತೆ" ಎಂದರು. ಹರಿಯಲಿಲ್ಲ. ಅಮ್ಮನಿಗೆ ಬೇಸರ. "ಹಳೇದರಲ್ಲಿ ಎಷ್ಟು ಚೆನ್ನಾಗಿ ತೋರಿಸಿದ್ರು! ಬೀದಿಯೆಲ್ಲ ಬೆಳ್ಳಗೆ. ನಾನು ಕಣ್ಣಾರೆ ನೋಡಿದೀನಿ" ಎಂದರು. ಅದೇ ಬೇಸಗೆಯಲ್ಲಿ ದೂರದರ್ಶನದಲ್ಲಿ ಹಳೆಯದೂ ಮರಳಿ ಬಂದಿತ್ತು. ಆ ಕಂತನ್ನು ನಾನು ನೋಡಿದ್ದೆ. ಬಣ್ಣದಲ್ಲಿ ಅದನ್ನು ನೋಡಿದ್ದು ಅದೇ ಮೊದಲು. ಕೃಷ್ಣನ ಪೀತಾಂಬರ ನಿಜಕ್ಕೂ ಹಳದಿಯೆಂದು ಖಾತರಿಯಾದದ್ದೂ ಆಗಲೇ. ಹಾಲು ಅದರಲ್ಲೂ ಇಲ್ಲ. ಅಮ್ಮನಿಗೆ ಹೇಳಲಿಲ್ಲ. ಅವರು ಕಂಡ ಹಾಲು ಎದುರು ಮನೆಯ ಕುರ್ಚಿಯ ಮೇಲಿಂದ ಹರಿದದ್ದು. ಮೂವತ್ತು ವರ್ಷದಲ್ಲಿ ತಾತನ ದನಿ ಕಳಚಿಹೋಗಿ, ಹಾಲು ಮಾತ್ರ ಚಿತ್ರದೊಳಗೆ ಸೇರಿಕೊಂಡಿದೆ. ನಮ್ಮ ಹಳೆಯ ಧಾರಾವಾಹಿಯನ್ನು ಯಾವ ವಾಹಿನಿಯೂ ಮತ್ತೆ ತೆಗೆಯಲಾರದೆಂದು ನಾವು ಹಟ ಹಿಡಿಯುವುದರಲ್ಲಿ ಈ ಮಟ್ಟಿಗೆ ಸತ್ಯವಿದೆ. ಅದನ್ನು ಅರ್ಧ ತೆಗೆದವರು ನಾವೇ.

ಈಚೆಗೆ ಮತ್ತೊಂದು ರಾಮಾಯಣದ ಸುದ್ದಿ ಬಂತು. ಈ ಸಲ ಸಿನಿಮಾ. ನಿತೇಶ್ ತಿವಾರಿಯವರ ನಿರ್ದೇಶನ. ೧೯೮೭ರಲ್ಲಿ ರಾಮನಾಗಿದ್ದ ಅರುಣ್ ಗೋವಿಲ್ ಅವರಿಗೆ ಇದರಲ್ಲಿ ದಶರಥನ ಪಾತ್ರವೆಂದು ವರದಿಯಾದಾಗ, ಕಾಲಚಕ್ರ ತಿರುಗಿದ ಸದ್ದು ನನಗೆ ಭಿಮಾನಿಯವರ ಕಂಠದಲ್ಲಿಯೇ ಕೇಳಿಸಿತು. ರಾವಣ ನಮ್ಮ ಯಶ್. ೨೦೨೫ರ ಜುಲೈಯಲ್ಲಿ ಅದರ ಮೊದಲ ತುಣುಕು ಹೊರಬಂದ ಮರುದಿನ ತರಗತಿಯಲ್ಲಿ ಪಾಠ ಸಾಗಲಿಲ್ಲ. ಹುಡುಗರೆಲ್ಲ ರಾವಣನ ಪಕ್ಷ. ಹಿಂದಿನ ತಿಂಗಳಷ್ಟೆ ನಾಗಚಂದ್ರನನ್ನು ಮುಗಿಸಿದ್ದೆ. ಯಾರ ತಲೆಗಾದರೂ ಹೋಯಿತೋ ಇಲ್ಲವೋ ಎಂಬ ಅನುಮಾನವಿತ್ತು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ.

"ಸಾರ್, ಇದ್ರಲ್ಲಿ ರಾವಣನ್ನ ಕೊಲ್ಲೋದು ಯಾರು? ರಾಮನಾ, ಲಕ್ಷ್ಮಣನಾ?"

ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ಹುಡುಗ ನಗಲಿಲ್ಲ; ಉತ್ತರಕ್ಕಾಗಿ ನನ್ನನ್ನೇ ನೋಡುತ್ತ ನಿಂತಿದ್ದ.